ನೆಯ್ಯಾಟ್ಟಿನ್‌ಕರದ ಸಾವಿರ ಜನ ನನಗೆ ಕಲಿಸಿದ ಪಾಠ

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿರೋ ದಾವಣಗೆರೆಯ ಮನುಷ್ಯ. ಯಾರಾದರೂ "ಇದು ಕೆಲಸ ಮಾಡುತ್ತೆ" ಅಂದರೆ, "ಟೆಸ್ಟ್ ಮಾಡಿದ್ದೀರಾ?" ಅಂತ ಕೇಳೋದು ನನ್ನ ಹೊಟ್ಟೆಪಾಡು. ಇವತ್ತು ಅದೇ ಪ್ರಶ್ನೆಯನ್ನು ವ್ಯಾಯಾಮಕ್ಕೆ ಕೇಳೋಣ.

ನನಗೆ 38 ವರ್ಷ ಆಗಿದ್ದಾಗ ಕಾಕ್ಕನಾಡ್‌ನಲ್ಲಿದ್ದೆ. ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.1 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ ಅದು. 5.7ರಿಂದ 6.4ರ ನಡುವೆ ಇದ್ದರೆ ಪ್ರಿಡಯಾಬಿಟಿಸ್ ಅಂತಾರೆ. ಅಂದರೆ ಮಧುಮೇಹದ ಬಾಗಿಲಲ್ಲಿ ನಿಂತಿದ್ದೀರಿ, ಇನ್ನೂ ಒಳಗೆ ಹೋಗಿಲ್ಲ. ನಮ್ಮಪ್ಪ ಆ ಬಾಗಿಲು ದಾಟಿ ಇಪ್ಪತ್ತು ವರ್ಷ ಆಗಿದೆ. ಅದಕ್ಕೂ ಹಿಂದಿನ ವರ್ಷ ಅವರ ಕಾಲಿನ ಗಾಯ ವಾಸಿಯಾಗದೆ ಎರಡು ಬೆರಳು ತೆಗೆಯಬೇಕಾಯ್ತು. ಹಾಗಾಗಿ ಆ 6.1 ನನಗೆ ಬರೀ ನಂಬರ್ ಆಗಿರಲಿಲ್ಲ.

ಡಾಕ್ಟರ್ ಎರಡೇ ಮಾತು ಹೇಳಿದರು: "ನಡೀರಿ, ತೂಕ ಇಳಿಸಿ." ಎಷ್ಟು ದಿನ ನಡೆದೆ ಗೊತ್ತಾ? ಹನ್ನೊಂದು ದಿನ. ಆಮೇಲೆ ಮಳೆ ಬಂತು. ಇಲ್ಲಿ ಮಳೆ ಅಂದರೆ ನಿಮಗೆ ಗೊತ್ತೇ ಇದೆ, ಜೂನ್‌ನಲ್ಲಿ ಒಂದು ಸಲ, ಅಕ್ಟೋಬರ್‌ನಲ್ಲಿ ತುಲಾವರ್ಷ ಅಂತ ಇನ್ನೊಂದು ಸಲ. ಜೊತೆಗೆ ರಾತ್ರಿ ಅಮೆರಿಕದ ಕಾಲ್, ಬೆಳಿಗ್ಗೆ ನಿದ್ದೆ. ಆದರೆ ನಿಜವಾದ ಕಾರಣ ಮಳೆಯೂ ಅಲ್ಲ, ಕಾಲೂ ಅಲ್ಲ. ನಾನು ನಡೆಯಲು ಹೋಗದಿದ್ದರೆ "ಯಾಕ್ರೀ ಬರಲಿಲ್ಲ?" ಅಂತ ಕೇಳೋರು ಒಬ್ಬರೂ ಇರಲಿಲ್ಲ. ಊರು ಬಿಟ್ಟು ಬಂದವರ ಕಷ್ಟ ಇದು.

ಆಮೇಲೆ ಕೆಲಸದ ಮೇಲೆ ತಿರುವನಂತಪುರಕ್ಕೆ ಬಂದೆ. ಇಲ್ಲಿ ಬಂದ ಮೇಲೆ ಒಂದು ಅಧ್ಯಯನದ ಬಗ್ಗೆ ಗೊತ್ತಾಯ್ತು. ಇದೇ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲ್ಲೂಕಿನಲ್ಲಿ ನಡೆದದ್ದು. ಕನ್ಯಾಕುಮಾರಿಗೆ ಹೋಗುವಾಗ ನೀವೆಲ್ಲ ಆ ಊರು ದಾಟಿರ್ತೀರಿ. ಹೆಸರು ಕೇರಳ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ. ಇಲ್ಲಿನ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯವರು ಆಸ್ಟ್ರೇಲಿಯಾದ ಸಂಶೋಧಕರ ಜೊತೆ ಸೇರಿ ಮಾಡಿದರು. 2018ರಲ್ಲಿ ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದೊಂದು ದೊಡ್ಡ ಎ/ಬಿ ಟೆಸ್ಟ್. 60 ಮತಗಟ್ಟೆ ಪ್ರದೇಶಗಳನ್ನು ಆರಿಸಿ, ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 30ರಿಂದ 60 ವರ್ಷದ 1,007 ಜನ. ಒಬ್ಬೊಬ್ಬರನ್ನೇ ಬೇರೆ ಮಾಡದೆ ಇಡೀ ಪ್ರದೇಶವನ್ನು ಯಾಕೆ ಬೇರೆ ಮಾಡಿದರು? ಪಕ್ಕದ ಮನೆಯವರು ಮಾತಾಡಿಕೊಳ್ತಾರಲ್ಲ! ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿದರೆ ಎರಡೂ ಗುಂಪು ಕಲಸಿಹೋಗುತ್ತೆ. ಟೆಸ್ಟ್ ಸರ್ವರ್ ಮತ್ತು ಪ್ರೊಡಕ್ಷನ್ ಸರ್ವರ್ ಬೆರೆತ ಹಾಗೆ.

ಒಂದು ಗುಂಪಿಗೆ ಆರೋಗ್ಯ ಸಲಹೆಯ ಪುಸ್ತಕ ಕೊಟ್ಟರು. ಇನ್ನೊಂದು ಗುಂಪಿಗೆ ಒಂದು ವರ್ಷದಲ್ಲಿ 15 ಸಭೆ. ಹೆಚ್ಚಿನ ಸಭೆಗಳನ್ನು ನಡೆಸಿದ್ದು ಡಾಕ್ಟರ್‌ಗಳಲ್ಲ, ತರಬೇತಿ ಪಡೆದ ಅದೇ ಊರಿನ ಸಾಮಾನ್ಯ ಜನ. ನಡಿಗೆ ಗುಂಪು, ಯೋಗ, ಕೈತೋಟ, ಇವೆಲ್ಲ ಆ ಸಭೆಗಳ ಸುತ್ತ ಬೆಳೆದವು.

ಎರಡು ವರ್ಷದ ನಂತರ ಏನಾಯ್ತು? ಪುಸ್ತಕದ ಗುಂಪಿನಲ್ಲಿ ಶೇ 17.1ರಷ್ಟು ಜನರಿಗೆ ಮಧುಮೇಹ ಬಂದಿತ್ತು. ಸಭೆಯ ಗುಂಪಿನಲ್ಲಿ ಶೇ 14.9. ಗೆದ್ದರು ಅಂತ ಚಪ್ಪಾಳೆ ತಟ್ಟಬೇಡಿ, ಸ್ವಲ್ಪ ತಾಳಿ. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಲೆಕ್ಕದ ಪ್ರಕಾರ ನಿಜವಾದ ಪರಿಣಾಮ ಶೇ 34 ಇಳಿಕೆಯೂ ಆಗಿರಬಹುದು, ಶೇ 16 ಏರಿಕೆಯೂ ಆಗಿರಬಹುದು. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ವ್ಯತ್ಯಾಸ ಖಚಿತವಲ್ಲ ಅಂತಲೇ ಬರೆದರು.

ಇದನ್ನು ಓದಿದಾಗ ನನಗೆ ನಿರಾಸೆ ಆಯ್ತು. ನಾನು ಟೆಸ್ಟರ್, "ಫೇಲ್" ಅಂತ ಮಾರ್ಕ್ ಮಾಡೋದು ನನಗೆ ಅಭ್ಯಾಸ. ಆದರೆ ಪೂರ್ತಿ ಓದಿದೆ. ಸಭೆಯ ಗುಂಪಿನಲ್ಲಿ ಹಣ್ಣು ತರಕಾರಿ ತಿನ್ನೋದು ಹೆಚ್ಚಾಗಿತ್ತು. ಮದ್ಯಪಾನ ಕಡಿಮೆ ಆಗಿತ್ತು. ಮೆಟ್ಟಿಲು ಹತ್ತೋದು, ಸಾಮಾನು ಎತ್ತೋದು, ಇಂಥ ದಿನನಿತ್ಯದ ಶಕ್ತಿ ಅಳೆಯುವ ಅಂಕ ಸುಧಾರಿಸಿತ್ತು. ಎರಡು ವರ್ಷ ಆದರೂ ಬಹುತೇಕ ಎಲ್ಲರೂ ಅಧ್ಯಯನದಲ್ಲೇ ಉಳಿದಿದ್ದರು. ನನ್ನ ದಾಖಲೆ ಹನ್ನೊಂದು ದಿನ, ನೆನಪಿರಲಿ!

ಇದರ ಪಕ್ಕ ಚೆನ್ನೈನ ಅಧ್ಯಯನ ಇಟ್ಟು ನೋಡಿ. 2006ರಲ್ಲಿ ಪ್ರಕಟವಾದದ್ದು, 531 ಜನ. ಅವರೆಲ್ಲ ಗ್ಲೂಕೋಸ್ ಕುಡಿಸಿ ಎರಡು ಗಂಟೆ ನಂತರ ಅಳೆದಾಗ ಸಕ್ಕರೆ ಹೆಚ್ಚಿದ್ದವರು. ಮೂರು ವರ್ಷದಲ್ಲಿ ಸುಮ್ಮನಿದ್ದ ಗುಂಪಿನಲ್ಲಿ ಶೇ 55 ಜನರಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಶೇ 39.3. ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ಶೇ 40.5. ಎರಡೂ ಮಾಡಿದವರಿಗೆ ಹೆಚ್ಚುವರಿ ಲಾಭ ಏನೂ ಕಾಣಲಿಲ್ಲ. ಅಲ್ಲಿ ವ್ಯತ್ಯಾಸ ಸ್ಪಷ್ಟ. ನೆಯ್ಯಾಟ್ಟಿನ್‌ಕರದಲ್ಲಿ ಸಕ್ಕರೆ ಇನ್ನೂ ಸರಿಯಾಗೇ ಇದ್ದವರೂ ಸೇರಿದ್ದರು. ಅಪಾಯ ಹೆಚ್ಚಿದ್ದಷ್ಟೂ ನಡಿಗೆಯ ಲಾಭ ಕಣ್ಣಿಗೆ ಕಾಣುತ್ತೆ.

ನಿಮ್ಮ ಅಪಾಯ ಎಷ್ಟು? ಈಗಲೇ ಕೂತಲ್ಲೇ ಲೆಕ್ಕ ಹಾಕಿ. ನೆಯ್ಯಾಟ್ಟಿನ್‌ಕರದಲ್ಲಿ ಜನರನ್ನು ಆರಿಸಲು ಬಳಸಿದ್ದು ಚೆನ್ನೈನಲ್ಲಿ ರೂಪಿಸಿದ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ವಯಸ್ಸು 35ರಿಂದ 49 ಇದ್ದರೆ 20 ಅಂಕ, 50 ದಾಟಿದ್ದರೆ 30. ಗಂಡಸರ ಸೊಂಟದ ಸುತ್ತಳತೆ 90ರಿಂದ 99 ಸೆಂಟಿಮೀಟರ್ ಇದ್ದರೆ 10, 100 ಮುಟ್ಟಿದರೆ 20. ಹೆಂಗಸರಿಗೆ 80ರಿಂದ 89 ಇದ್ದರೆ 10, 90 ಮುಟ್ಟಿದರೆ 20. ವ್ಯಾಯಾಮವೂ ಇಲ್ಲ, ಕೆಲಸವೂ ಕೂತು ಮಾಡೋದು ಅಂದರೆ 30. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಮಧುಮೇಹ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ, ರಕ್ತಪರೀಕ್ಷೆ ಮಾಡಿಸಿ. ನನ್ನದು 20, 10, 30, 10. ಒಟ್ಟು 70. ವಯಸ್ಸು, ಅಪ್ಪ, ಇವೆರಡನ್ನೂ ಬದಲಿಸಲು ಆಗಲ್ಲ. ಕುರ್ಚಿಯ ಆ 30 ಮಾತ್ರ ಪೂರ್ತಿ ನನ್ನ ಕೈಯಲ್ಲಿತ್ತು.

"ಸರ್, ನಡೀಬೇಕು ಅಂತ ಇದೆ, ಆದರೆ ಸೊಂಟ ನೋವು." ಈ ಮಾತು ಪ್ರತಿ ಸಲ ಬರುತ್ತೆ. ನಾನೂ ಹೇಳ್ತಿದ್ದೆ. ಇದಕ್ಕೂ ಟೆಸ್ಟ್ ಆಗಿದೆ. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ. ಸೊಂಟ ನೋವು ಬಂದು ಆಗಷ್ಟೇ ವಾಸಿಯಾದ 701 ಜನ. ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ಸಹಾಯದಿಂದ ನಿಧಾನವಾಗಿ ನಡಿಗೆ ಹೆಚ್ಚಿಸುವ ಯೋಜನೆ. ಗುರಿ ಏನು ಅಂದರೆ, ಆರು ತಿಂಗಳ ಹೊತ್ತಿಗೆ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ಏನೂ ಮಾಡದವರಿಗೆ ನೋವು ಮರಳಿ ಬರಲು ಹಿಡಿದ ಮಧ್ಯಮ ಅವಧಿ 112 ದಿನ. ನಡೆದವರಿಗೆ 208 ದಿನ. ನೋವು ಶಾಶ್ವತವಾಗಿ ಹೋಯ್ತು ಅಂತ ಯಾರೂ ಹೇಳಿಲ್ಲ, ಆದರೆ ನೆಮ್ಮದಿಯ ದಿನಗಳು ಹೆಚ್ಚುಕಡಿಮೆ ಎರಡರಷ್ಟಾದವು. ಗಮನಿಸಿ, ಕಾಲಿಗೆ ಬಲ ಕುಂದಿದರೆ, ತೊಡೆಯ ಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ನಡಿಗೆ ಅಲ್ಲ, ತಕ್ಷಣ ಆಸ್ಪತ್ರೆ. ನಡೆಯುವಾಗ ಎದೆ ಹಿಡಿದುಕೊಂಡರೂ ಅಷ್ಟೇ.

ಸರಿ, ನಾನೇನು ಮಾಡಿದೆ? ನೆಯ್ಯಾಟ್ಟಿನ್‌ಕರದ ಸಭೆಯನ್ನು ಕಾಪಿ ಹೊಡೆದೆ. ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗುಂಪಿನಲ್ಲಿ "ಬೆಳಿಗ್ಗೆ ಆರೂವರೆಗೆ ಮ್ಯೂಸಿಯಂ ಹತ್ತಿರ ನಡೆಯಲು ಬರೋರು ಯಾರು?" ಅಂತ ಹಾಕಿದೆ. ಹುಬ್ಬಳ್ಳಿಯ ಒಬ್ಬರು, ಕಾಸರಗೋಡಿನ ದಂಪತಿ, ನಿವೃತ್ತ ಮಲಯಾಳಿ ಮೇಷ್ಟ್ರು. ಐದು ಜನ ಆದೆವು. ನನಗೆ ಮಲಯಾಳಂ ಅರ್ಧಂಬರ್ಧ, ಮೇಷ್ಟ್ರಿಗೆ ಕನ್ನಡ ಸೊನ್ನೆ. ಮೇಷ್ಟ್ರು ಮಲಯಾಳಂ ಕಲಿಸ್ತಾ ನಡೆಸಿದರು. ಮಳೆ ಬಂದ ದಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದೆವು. ರಾತ್ರಿ ಕಾಲ್ ಇದ್ದವರಿಗೆ ಸಂಜೆ ಕನಕಕ್ಕುನ್ನು. ಒಂದೇ ನಿಯಮ: ಬರಲು ಆಗದಿದ್ದರೆ ಗುಂಪಿನಲ್ಲಿ ಹೇಳಬೇಕು. ಸುಮ್ಮನೆ ಮಾಯ ಆಗೋ ಹಾಗಿಲ್ಲ.

ಒಂದು ವರ್ಷದ ನಂತರ ನನ್ನ ಎಚ್‌ಬಿಎ1ಸಿ 5.9. ಇಷ್ಟೇನಾ ಅಂತೀರಾ? ಇಷ್ಟೇ. ಇನ್ನೂ ಬಾಗಿಲಲ್ಲೇ ಇದ್ದೀನಿ. ಒಬ್ಬ ಮನುಷ್ಯನ ಎರಡು ರಿಪೋರ್ಟಿನಿಂದ ಏನೂ ಸಾಬೀತಾಗಲ್ಲ ಅಂತಲೂ ಗೊತ್ತು. ಆದರೆ ಹನ್ನೊಂದು ದಿನದವನು ಒಂದು ವರ್ಷ ನಡೆದೆ, ಅದು ನಿಜ.

ಇಷ್ಟು ಓದಿದ ಮೇಲೆ ನನಗೆ ಅರ್ಥವಾದದ್ದು ಒಂದೇ. ವ್ಯಾಯಾಮ ಪವಾಡ ಅಲ್ಲ. ಅದರ ಲಾಭ ನಿಧಾನ, ಕೆಲವರಲ್ಲಿ ದೊಡ್ಡದು, ಕೆಲವರಲ್ಲಿ ಅಳತೆಗೂ ಸಿಗದಷ್ಟು ಸಣ್ಣದು. ಲಾಭ ಸಿಗೋವರೆಗೂ ಮುಂದುವರಿಸಬೇಕು, ಮುಂದುವರಿಸಲು ಜೊತೆಗಾರರು ಬೇಕು. ಹೊಸ ಶೂ, ಹೊಸ ವಾಚ್ ಆಮೇಲೆ ತಗೊಳ್ಳಿ. ಮೊದಲು "ಯಾಕ್ರೀ ಬರಲಿಲ್ಲ?" ಅಂತ ಕೇಳೋ ಒಬ್ಬರನ್ನು ಹುಡುಕಿಕೊಳ್ಳಿ.

ಈಗ ನಮ್ಮ ಗುಂಪಿಗೆ ಆರನೆಯವರು ಸೇರಿದ್ದಾರೆ. ದಾವಣಗೆರೆಯಲ್ಲಿ ನಮ್ಮಪ್ಪ ಬೆಳಿಗ್ಗೆ ಆರೂವರೆಗೆ ಫೋನ್ ಮಾಡ್ತಾರೆ. ಡಾಕ್ಟರ್ ಹೇಳಿಕೊಟ್ಟ ಚಪ್ಪಲಿ ಹಾಕಿಕೊಂಡು, ಡಾಕ್ಟರ್ ಹೇಳಿದಷ್ಟೇ, ಅಂಗಳದಲ್ಲಿ ಹತ್ತು ನಿಮಿಷ. ನಾನು ಇಲ್ಲಿ, ಅವರು ಅಲ್ಲಿ. ಮೊನ್ನೆ ನಾನು ಎದ್ದಿರಲಿಲ್ಲ. ಫೋನ್ ಎತ್ತಿದ ತಕ್ಷಣ ಕೇಳಿದರು, "ಯಾಕೋ, ಇವತ್ತು ಹೊರಡಲಿಲ್ವಾ?"

ಎದ್ದು ಹೊರಟೆ.