ಒಡೆಯನ ಕಾಡು, ಊರಿನ ಹಾದಿ



ನಾರ್ವೆ ದೇಶದ ರಾಜಧಾನಿ ಓಸ್ಲೋದಲ್ಲಿ ಚಳಿಗಾಲದ ಭಾನುವಾರ ಬೆಳಿಗ್ಗೆ ಮೆಟ್ರೋ ರೈಲು ಹತ್ತಿದರೆ ಹೊಸಬರಿಗೆ ಅಚ್ಚರಿ ಕಾದಿರುತ್ತದೆ. ಅಜ್ಜ ಅಜ್ಜಿಯರು, ಶಾಲೆಯ ಮಕ್ಕಳು, ಗಂಡ ಹೆಂಡಿರು, ಎಲ್ಲರ ಕೈಯಲ್ಲೂ ಅವರವರ ಎತ್ತರವನ್ನು ಮೀರಿಸುವ ಎರಡೆರಡು ತೆಳು ಹಲಗೆಗಳು. ಹಿಮದ ಮೇಲೆ ಜಾರುತ್ತ ಸಾಗುವ ಸ್ಕೀ ಅವು. ರೈಲು ಬೆಟ್ಟ ಏರಿ ಏರಿ ಸುಮಾರು 470 ಮೀಟರ್ ಎತ್ತರದ ಫ್ರೋಗ್ನರ್‌ಸೇಟೆರೆನ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಇಳಿದು ನಾಲ್ಕು ಹೆಜ್ಜೆ ಇಟ್ಟರೆ ನೂರ್‌ಮಾರ್ಕಾ ಕಾಡು. 1973ರಲ್ಲಿ ಪೆಟ್ರೋಲ್ ಅಭಾವದಿಂದ ವಾರದ ಕೊನೆಯಲ್ಲಿ ಕಾರು ಓಡಿಸುವುದನ್ನು ಸರ್ಕಾರ ನಿಷೇಧಿಸಿದಾಗ, ಎಪ್ಪತ್ತು ವರ್ಷದ ದೊರೆ ಐದನೆಯ ಓಲಾವ್ ಕೂಡ ಸ್ಕೀ ಹಿಡಿದು ಜನರ ನಡುವೆ ಇದೇ ರೀತಿ ರೈಲಿನಲ್ಲಿ ಹೊರಟರು. ಟಿಕೆಟ್ಟಿಗೆ ಹಣ ಕೊಡಲು ಮುಂದಾದ ದೊರೆಯ ಚಿತ್ರ ನಾರ್ವೆಯಲ್ಲಿ ಇಂದಿಗೂ ಜನಜನಿತ.

ಓಸ್ಲೋ ನಗರವನ್ನು ಸುತ್ತುವರಿದ ಕಾಡಿಗೆ ಅಲ್ಲಿನವರು ಒಟ್ಟಾಗಿ ಮಾರ್ಕಾ ಎನ್ನುತ್ತಾರೆ. ವಿಸ್ತೀರ್ಣ ಸುಮಾರು 1,700 ಚದರ ಕಿಲೋಮೀಟರ್. ನೂರ್‌ಮಾರ್ಕಾ ಅದರ ಉತ್ತರದ ಭಾಗ. ಇಷ್ಟೆಲ್ಲ ಜನ ಓಡಾಡುವ ಈ ಕಾಡು ಸರ್ಕಾರದ್ದೇ ಇರಬೇಕೆಂದು ಯಾರಾದರೂ ಊಹಿಸುತ್ತಾರೆ. ಹಾಗಿಲ್ಲ. ನಗರಸಭೆಯ ಪಾಲು ಇದೆ ನಿಜ. ಆದರೆ ನೂರ್‌ಮಾರ್ಕಾದ ಬಹುಪಾಲು ತಲೆಮಾರುಗಳಿಂದ ಒಂದೇ ಮನೆತನದ ಖಾಸಗಿ ಆಸ್ತಿ, ಮರದ ವ್ಯಾಪಾರದಿಂದ ಬೆಳೆದ ಎಸ್ಟೇಟು. ಮತ್ತೊಬ್ಬರ ಎಸ್ಟೇಟಿನಲ್ಲಿ ಊರಿಗೆ ಊರೇ ನಡೆದಾಡುವುದೆಂದರೇನು? ಬೇಲಿ, ಗೇಟು, ಕಾವಲುಗಾರ ಯಾರೂ ತಡೆಯುವುದಿಲ್ಲವೇ?

ಇದಕ್ಕೆ ಉತ್ತರ ಒಂದು ಹಳೆಯ ರೂಢಿಯಲ್ಲಿದೆ. ಸಾಗುವಳಿಯಾಗದ ಕಾಡು, ಬೆಟ್ಟ, ಜೌಗು ಯಾರದ್ದೇ ಆಗಿರಲಿ, ಅಲ್ಲಿ ನಡೆಯುವುದು ಎಲ್ಲರ ಹಕ್ಕು ಎಂಬುದು ನಾರ್ವೆಯವರ ನಂಬಿಕೆ. 1957ರ ಕಾಯಿದೆ ಅದನ್ನು ಬರಹಕ್ಕೆ ಇಳಿಸಿತು. ಕಾಯಿದೆಯ ಲೆಕ್ಕಾಚಾರ ರಸವತ್ತಾಗಿದೆ. ವಾಸದ ಮನೆಯಿಂದ 150 ಮೀಟರ್ ದೂರದಲ್ಲಿ, ಒಂದೇ ಜಾಗದಲ್ಲಿ ಎರಡು ರಾತ್ರಿ ಮೀರದಂತೆ, ಒಡೆಯನನ್ನು ಕೇಳದೆ ಡೇರೆ ಹಾಕಬಹುದು. ಕಾಡಿನ ರಸ್ತೆ, ಕಾಲುದಾರಿಗಳಲ್ಲಿ ಸೈಕಲ್ ತುಳಿಯಬಹುದು. ರೈತನ ಹೊಲಕ್ಕೆ ಮಾತ್ರ ಬೇರೆ ನಿಯಮ: ನೆಲ ಹೆಪ್ಪುಗಟ್ಟಿದಾಗ ಇಲ್ಲವೇ ಹಿಮ ಮುಚ್ಚಿದಾಗ ದಾಟಬಹುದು, ಆದರೆ ಏಪ್ರಿಲ್ 30ರಿಂದ ಅಕ್ಟೋಬರ್ 14ರವರೆಗೆ ಕಾಲಿಡುವಂತಿಲ್ಲ. ಬೆಳೆಯೂ ಉಳಿಯಿತು, ಹಾದಿಯೂ ಉಳಿಯಿತು.

ಹಕ್ಕೇನೋ ಸಿಕ್ಕಿತು. ಆದರೆ ಕಾಡಿನಲ್ಲಿ ಹಾದಿ ತಪ್ಪದಂತೆ ನೋಡುವವರು ಯಾರು? ಆ ಕೆಲಸ ಸಂಘಗಳದ್ದು. ಬ್ಯಾಂಕರ್ ಥಾಮಸ್ ಹೆಫ್ಟಿ ಮತ್ತು ಸಂಗಡಿಗರು 1868ರಲ್ಲಿ ಕಟ್ಟಿದ ಚಾರಣ ಸಂಘದ ಸ್ವಯಂಸೇವಕರು ಬಣ್ಣದ ಡಬ್ಬಿ, ಕುಂಚ ಹಿಡಿದು ಮರಗಳ ಮೇಲೆ ನೀಲಿ ಗುರುತು ಹಾಕುತ್ತಾರೆ. ಅದು ಬೇಸಿಗೆಯ ಕಾಲ್ನಡಿಗೆಗೆ. 1883ರಲ್ಲಿ ಹುಟ್ಟಿದ ಸ್ಕೀ ಸಂಘ ನೋಡಿಕೊಳ್ಳುವ ಹಾದಿಗೆ ಕೆಂಪು ಗುರುತು. ಎರಡು ಬಣ್ಣ ಏಕೆಂದರೆ, ಚಳಿಗಾಲದ ಹಾದಿ ಬೇಸಿಗೆಯ ಹಾದಿಯೇ ಅಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದ ಹೂಳುವ ಜೌಗು ಚಳಿಗೆ ಕಲ್ಲಾಗುತ್ತದೆ. ನೀಲಿ ಹಾದಿ ಅದನ್ನು ಸುತ್ತಿ ಬಳಸಿ ಹೋದರೆ ಕೆಂಪು ಹಾದಿ ನಟ್ಟನಡುವೆ ನೇರವಾಗಿ ದಾಟುತ್ತದೆ. ಕೆಂಪು ಗುರುತನ್ನು ನಂಬಿ ಜುಲೈ ತಿಂಗಳಲ್ಲಿ ಹೊರಟವನ ಗತಿ ಊಹಿಸಿಕೊಳ್ಳಿ!

ಸೈಕಲ್ ಸವಾರರಿಗೆ ಹೆಚ್ಚಾಗಿ ಒದಗುವುದು ಮರ ಸಾಗಿಸುವ ಲಾರಿಗಳಿಗೆಂದು ಒಡೆಯರು ಮಾಡಿಸಿದ ಜಲ್ಲಿ ರಸ್ತೆಗಳು. ಹಿಮ ಬಿದ್ದೊಡನೆ ಅವುಗಳಲ್ಲಿ ಅನೇಕವು ಸ್ಕೀ ಹಾದಿಗಳಾಗುತ್ತವೆ. ಪಟ್ಟಿಚಕ್ರದ ಭಾರಿ ಯಂತ್ರವೊಂದು ಹಿಮವನ್ನು ತುಳಿದು ಸಮ ಮಾಡಿ, ಅಂಚಿನಲ್ಲಿ ಬಂಡಿಯ ಜಾಡಿನಂತೆ ಎರಡು ಸಮಾನಾಂತರ ಗೀರು ಒತ್ತುತ್ತದೆ. ಹಲಗೆಗಳು ಆ ಗೀರಿನಲ್ಲಿ ಹಳಿಯ ಮೇಲಿನ ರೈಲಿನಂತೆ ಓಡುತ್ತವೆ. ಬೂಟುಗಾಲಿನವರು ಅದರ ಮೇಲೆ ನಡೆದರೋ, ಗುಳಿಬಿದ್ದ ಹೆಜ್ಜೆ ರಾತ್ರಿ ಹೆಪ್ಪುಗಟ್ಟಿ ಮರುದಿನ ಸ್ಕೀಯವರನ್ನು ಮುಗ್ಗರಿಸುತ್ತದೆ. ಬೇಸಿಗೆಯಲ್ಲಿ ದೂರು ತಿರುವುಮುರುವು: ಮಳೆಯಲ್ಲಿ ಸೈಕಲ್ ಚಕ್ರಗಳು ಕಿರುದಾರಿಯನ್ನು ಕೆಸರು ಮಾಡುತ್ತವೆಂದು ಕಾಲ್ನಡಿಗೆಯವರ ಅಳಲು. ಹಕ್ಕು ಎಲ್ಲರದ್ದೂ ಆದಲ್ಲಿ ಜಗಳವೂ ಎಲ್ಲರದ್ದೇ.

ನಿಜವಾದ ಜಗಳ ಇದಕ್ಕಿಂತ ದೊಡ್ಡದು. ನಡೆಯುವ ಹಕ್ಕು ಇದ್ದರೆ ಸಾಲದು, ನಡೆಯಲು ಕಾಡು ಇರಬೇಕಲ್ಲ? 1889ರಲ್ಲಿ ನಗರಸಭೆ ಹೆಫ್ಟಿ ಮನೆತನದಿಂದ ಫ್ರೋಗ್ನರ್‌ಸೇಟೆರೆನ್ ಸುತ್ತಲಿನ ಜಾಗ ಕೊಂಡದ್ದು ದೂರದೃಷ್ಟಿಯ ಕೆಲಸ. 1946ರಲ್ಲಿ ಕಾಡಿನ ನಡುವೆ ಭಾರಿ ವಿದ್ಯುತ್ ಮಾರ್ಗ ಎಳೆಯುವ ಯೋಜನೆ ಬಂದಾಗ ಸಾವಿರಾರು ಜನ ಓಸ್ಲೋದಲ್ಲಿ ಸೇರಿ ಪ್ರತಿಭಟಿಸಿದರು. ಜರ್ಮನ್ ಆಕ್ರಮಣದಿಂದ ದೇಶ ಬಿಡುಗಡೆಯಾಗಿ ಆಗಿನ್ನೂ ಒಂದು ವರ್ಷ; ಅಂಥ ಹೊತ್ತಿನಲ್ಲೂ ಜನರಿಗೆ ಕಾಲುದಾರಿಯ ಚಿಂತೆ! ಊರು ಬೆಳೆಯಿತು, ನಿವೇಶನದ ಬೆಲೆ ಏರಿತು, ಕಾಡಿನ ಅಂಚಿನ ಮೇಲೆ ಕಣ್ಣು ಬಿತ್ತು. ಕೊನೆಗೆ 2009ರಲ್ಲಿ ಮಾರ್ಕಾಕ್ಕೆಂದೇ ಪ್ರತ್ಯೇಕ ಕಾಯಿದೆ ಬಂದು ಗಡಿ ಗೆರೆ ಎಳೆಯಿತು. ಗೆರೆಯೊಳಗೆ ಕಟ್ಟಡ ಕಟ್ಟುವುದಕ್ಕೆ ಸಾಮಾನ್ಯವಾಗಿ ನಿಷೇಧ. ವ್ಯವಸಾಯ, ಅರಣ್ಯ ಕೃಷಿಗೆ ವಿನಾಯಿತಿ. ಒಡೆಯನಿಗೆ ಮರ ಕಡಿಯುವ ಹಕ್ಕು ಉಳಿದದ್ದರಿಂದ ವಾದ ಮುಗಿದಿಲ್ಲ. ಪ್ರೀತಿಯ ಹಾದಿಯ ಎರಡೂ ಬದಿ ಬೋಳಾದುದನ್ನು ಕಂಡವರಿಗೆ ಕಾಯಿದೆಯ ಸಮಾಧಾನ ಸಾಲುವುದಿಲ್ಲ, ಅದು ಸಹಜವೇ.

ಕಾಯಿದೆಗೆ ನಿಲುಕದ ತೊಂದರೆಯೂ ಒಂದಿದೆ. ಹವೆ ಬಿಸಿಯಾಗುತ್ತಿದ್ದಂತೆ ತಗ್ಗಿನ ಭಾಗಗಳಲ್ಲಿ ಹಿಮದ ದಿನಗಳು ಕಡಿಮೆಯಾಗಿವೆ. ಕೆಲವು ಕಡೆ ಯಂತ್ರದಿಂದ ಹಿಮ ತಯಾರಿಸಿ ಸಣ್ಣ ಸುತ್ತುಹಾದಿಗೆ ಹಾಸುತ್ತಾರೆ. ಕಚೇರಿ ಮುಗಿಸಿ ಬಂದವರು ಸಂಜೆ ದೀಪದ ಕಂಬಗಳ ಬೆಳಕಿನಲ್ಲಿ ಅದೇ ಸುತ್ತನ್ನು ಮತ್ತೆ ಮತ್ತೆ ಹಾಕುತ್ತಾರೆ, ಇಕ್ಕೆಲಗಳಲ್ಲಿ ಕಂದು ಹುಲ್ಲು. ಅದೂ ಬೇಸರವಾದವರು ಹಲಗೆಗಳನ್ನು ಮನೆಯಲ್ಲಿಟ್ಟು, ಬೂಟು ಕಟ್ಟಿ, ಜನವರಿಯಲ್ಲೇ ನೀಲಿ ಗುರುತಿನ ಹಾದಿ ಹಿಡಿಯುತ್ತಾರೆ.