ಹತ್ತು ನಿಮಿಷದ ಬೆಂಕಿ

ಇವತ್ತು ರಾಜಕೀಯ ಬೇಡ.

ಮೊನ್ನೆ ಪೀಣ್ಯದಿಂದ ಒಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಪಂಪು, ಮೋಟಾರುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡೋ ಸಣ್ಣ ಕಾರ್ಖಾನೆ ಅವರದು. ಹದಿನಾಲ್ಕು ಜನ ಕೆಲಸಗಾರರು. 2021ರಲ್ಲಿ ಅವರ ಶೆಡ್ಡಿನಲ್ಲಿ 23 ಪ್ಯಾನೆಲ್‌ಗಳು ರೆಡಿಯಾಗಿ ನಿಂತಿದ್ದವಂತೆ. ವೈರಿಂಗ್ ಮುಗಿದಿದೆ, ಪೇಂಟ್ ಒಣಗಿದೆ, ಅಂಗೈ ಅಗಲದ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಮಾತ್ರ ಬಂದಿಲ್ಲ. ಸಪ್ಲೈಯರ್‌ಗೆ ಫೋನ್ ಮಾಡಿದರೆ, ‘ಮುಂದಿನ ವಾರ ಬರುತ್ತೆ ಸಾರ್’. ಆ ಮುಂದಿನ ವಾರ ಬರೋಕೆ ಐದು ತಿಂಗಳು ಬೇಕಾಯ್ತು. ಬ್ಯಾಂಕಿನ ಕಂತು ಕಾಯಲಿಲ್ಲ. ಆರು ಜನರನ್ನು ಮನೆಗೆ ಕಳಿಸಿದರು. ‘ಆರ್ಡರ್ ಇತ್ತು ಸಾರ್, ಜನ ಇದ್ರು, ಬೋರ್ಡ್ ಇರಲಿಲ್ಲ. ನಾನು ಮಾಡಿದ ತಪ್ಪೇನು ಹೇಳಿ’ ಅಂತ ಕೇಳಿದರು. ನನಗೆ ಥಟ್ ಅಂತ ಉತ್ತರ ಹೊಳೆಯಲಿಲ್ಲ. ಟೀ ಕುಡಿಸಿ ಕಳಿಸಿದೆ.

ಉತ್ತರ ಹುಡುಕುತ್ತಾ ಹೋದರೆ ಸಿಕ್ಕಿದ್ದು ಅಮೆರಿಕದ ಒಂದು ಬೆಂಕಿಯ ಕಥೆ. 2000ನೇ ಇಸವಿ ಮಾರ್ಚ್ 17. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಅನ್ನೋ ಊರು. ರಾತ್ರಿ ಸಿಡಿಲು ಬಡಿದು ಕರೆಂಟು ಏರುಪೇರಾಗುತ್ತೆ, ಫಿಲಿಪ್ಸ್ ಕಂಪನಿಯ ಚಿಪ್ ಕಾರ್ಖಾನೆಯಲ್ಲಿ ಬೆಂಕಿ ಹತ್ತಿಕೊಳ್ಳುತ್ತೆ. ದೊಡ್ಡ ಬೆಂಕಿ ಏನಲ್ಲ. ಹತ್ತು ನಿಮಿಷದಲ್ಲಿ ಆರಿಸಿಬಿಟ್ಟರು. ಯಾರಿಗೂ ಪ್ರಾಣಾಪಾಯ ಇಲ್ಲ. ನಮ್ಮ ಚಾನೆಲ್‌ನಲ್ಲಾದರೆ ಕೆಳಗೆ ಓಡೋ ಸ್ಕ್ರೋಲ್‌ನಲ್ಲೂ ಜಾಗ ಸಿಗುತ್ತಿರಲಿಲ್ಲ. ಆದರೆ ಚಿಪ್ ಮಾಡೋ ಕೋಣೆ ಅಂದ್ರೆ ದೇವರ ಗರ್ಭಗುಡಿಗಿಂತ ಮಡಿ! ಒಂದು ಕಣ ಧೂಳು ಕೂತರೂ ಮಾಲು ಹಾಳು. ಅಲ್ಲಿಗೆ ಹೊಗೆ ನುಗ್ಗಿತ್ತು, ನೀರು ನುಗ್ಗಿತ್ತು. ಲಕ್ಷಾಂತರ ಫೋನುಗಳಿಗೆ ಆಗೋವಷ್ಟು ಚಿಪ್ ಮಣ್ಣುಪಾಲಾಗಿತ್ತು.

ಆ ಕಾರ್ಖಾನೆಗೆ ಇಬ್ಬರು ದೊಡ್ಡ ಗಿರಾಕಿಗಳು. ಫಿನ್ಲೆಂಡಿನ ನೋಕಿಯಾ, ಸ್ವೀಡನ್ನಿನ ಎರಿಕ್ಸನ್. ಇಬ್ಬರಿಗೂ ಹೋದ ಸುದ್ದಿ ಒಂದೇ: ಒಂದು ವಾರ ತಡ ಆಗುತ್ತೆ.

ಇಲ್ಲಿ ಸ್ವಲ್ಪ ನಿಲ್ಲಿ. ಇಬ್ಬರ ಹಣೆಬರಹ ಬೇರೆಯಾಗಿದ್ದು ಈ ಒಂದು ಫೋನ್ ಕಾಲ್‌ನಿಂದ. ನೋಕಿಯಾದವರು ಒಂದು ವಾರ ಅನ್ನೋ ಮಾತನ್ನು ಪೂರ್ತಿ ನಂಬಲಿಲ್ಲ. ಆ ಚಿಪ್‌ಗಳನ್ನು ವಿಶೇಷ ನಿಗಾ ಪಟ್ಟಿಗೆ ಹಾಕಿದರು. ದಿನಾ ಫೋನ್. ದಿನಾ ಅದೇ ಪ್ರಶ್ನೆ, ‘ಎಲ್ಲಿಗೆ ಬಂತು?’ ಎರಡು ವಾರ ಕಳೆಯೋ ಹೊತ್ತಿಗೆ ಇದು ವಾರದ ಮಾತಲ್ಲ, ತಿಂಗಳುಗಳ ಮಾತು ಅಂತ ಗೊತ್ತಾಯ್ತು. ನೋಕಿಯಾದ ದೊಡ್ಡವರು ನೇರವಾಗಿ ಫಿಲಿಪ್ಸ್ ಮುಖ್ಯಸ್ಥರ ಮುಂದೆ ಹೋಗಿ ಕೂತರು. ನಿಮ್ಮ ಬೇರೆ ಊರಿನ ಕಾರ್ಖಾನೆಗಳಲ್ಲಿ ನಮಗೆ ಮಾಡಿಕೊಡಿ ಅಂದರು. ಕೆಲವು ಚಿಪ್‌ಗಳ ಡಿಸೈನನ್ನೇ ಬದಲಾಯಿಸಿ ಬೇರೆ ಕಂಪನಿಗಳ ಕೈಲಿ ಮಾಡಿಸಿಕೊಂಡರು.

ಎರಿಕ್ಸನ್‌ನಲ್ಲಿ? ಫೋನ್ ತೆಗೆದುಕೊಂಡವರು ‘ಸರಿ’ ಅಂದರು, ಅಷ್ಟೇ. ದೊಡ್ಡ ಸಾಹೇಬರ ಮೇಜಿಗೆ ವಿಷಯ ಹೋಗೋವಷ್ಟರಲ್ಲಿ ವಾರಗಳೇ ಕಳೆದಿದ್ದವು. ಹೋದ ಮೇಲೂ ದಾರಿ ಇರಲಿಲ್ಲ, ಯಾಕಂದ್ರೆ ಖರ್ಚು ಉಳಿಸೋಕೆ ಅಂತ ಎರಡನೇ ಸಪ್ಲೈಯರ್‌ಗಳನ್ನು ಮೊದಲೇ ಕೈಬಿಟ್ಟಿದ್ದರು. ಮಾರಾಟದಲ್ಲಿ ಸುಮಾರು 40 ಕೋಟಿ ಡಾಲರ್ ಖೋತಾ. ಬೇರೆ ಕಾರಣಗಳೂ ಇದ್ದವು ಬಿಡಿ, ಆದರೆ ಮುಂದಿನ ವರ್ಷವೇ ಎರಿಕ್ಸನ್ ತನ್ನ ಫೋನ್ ವ್ಯವಹಾರವನ್ನು ಸೋನಿ ಜೊತೆ ಸೇರಿಸಬೇಕಾಯ್ತು. (ಗೆದ್ದ ನೋಕಿಯಾ ಸ್ಮಾರ್ಟ್‌ಫೋನ್ ಕಾಲದಲ್ಲಿ ಮಕಾಡೆ ಮಲಗಿದ್ದು ಇನ್ನೊಂದು ದಿನದ ಕಥೆ.)

‘ಅವರೆಲ್ಲಾ ಆನೆಗಳು ಸಾರ್, ನಾವು ಇರುವೆ’ ಅಂತೀರಾ? ಪೀಣ್ಯದವರೂ ಅದನ್ನೇ ಅಂದರು. ಆದರೆ ನಮ್ಮ ಕಡೆ ಎರಡು ಎಕರೆ ರೈತನಿಗೆ ಇದು ಗೊತ್ತಿದೆ ಸ್ವಾಮಿ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಲ್ವಾ? ಅವರೆ, ತೊಗರಿ, ಹುಚ್ಚೆಳ್ಳು. ಬರೀ ರಾಗಿ ಬಿತ್ತಿದರೆ ಎರಡು ಪಲ್ಲ ಹೆಚ್ಚಿಗೆ ಬರಬಹುದು ಅಂತ ಅವನಿಗೂ ಗೊತ್ತು. ಆದರೂ ಸಾಲು ಬಿಡ್ತಾನೆ. ಮಳೆ ಕೈಕೊಟ್ಟ ವರ್ಷಕ್ಕೆ ಅದು.

ಬೇಕಾದಾಗ ಮಾತ್ರ ಮಾಲು ತರಿಸು, ಗೋಡೌನಿನಲ್ಲಿ ದುಡ್ಡು ಕೊಳೆಸಬೇಡ ಅಂತ ಲೋಕಕ್ಕೆ ಕಲಿಸಿದ್ದು ಟೊಯೋಟಾ. ಅದೇ ಟೊಯೋಟಾ 2011ರ ಜಪಾನ್ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ, ಎರಡರಿಂದ ಆರು ತಿಂಗಳಿಗೆ ಆಗೋವಷ್ಟು ಚಿಪ್ ಇಟ್ಟುಕೊಂಡಿರಿ ಅಂತ ತನ್ನ ಸಪ್ಲೈಯರ್‌ಗಳಿಗೆ ಹೇಳಿತು. 2021ರಲ್ಲಿ ಬೇರೆಯವರ ಕಾರ್ಖಾನೆಗಳು ನಿಂತಾಗ ಟೊಯೋಟಾ ತಿಂಗಳುಗಟ್ಟಲೆ ತಡೆದುಕೊಂಡಿತು. ಕೊನೆಗೆ, ಸೆಪ್ಟೆಂಬರ್ ಹೊತ್ತಿಗೆ, ಅದಕ್ಕೂ ಬಿಸಿ ತಟ್ಟಿತು, ಸುಳ್ಳು ಹೇಳಬಾರದು. ಪೂರ್ತಿ ಕಾಪಾಡೋ ಕವಚ ಯಾವುದೂ ಇಲ್ಲ. ಸಿಗೋದು ಒಂದಷ್ಟು ಸಮಯ, ಆ ಸಮಯದಲ್ಲಿ ಆರು ಜನರ ಕೆಲಸ ಉಳಿಯುತ್ತೆ.

ಹಾಗಂತ ಎಲ್ಲವನ್ನೂ ಆರು ತಿಂಗಳಿಗೆ ತುಂಬಿಟ್ಟುಕೊಳ್ಳಿ ಅಂತಲ್ಲ. ಅಷ್ಟು ದುಡ್ಡು ಯಾರ ಹತ್ತಿರ ಇದೆ? ನಟ್ಟು, ಬೋಲ್ಟು ಯಾವ ಅಂಗಡಿಯಲ್ಲೂ ಸಿಗುತ್ತೆ. ಯಾವ ವಸ್ತು ಬರದಿದ್ದರೆ ಶೆಡ್ಡೇ ನಿಲ್ಲುತ್ತೆ, ಅದು ಒಬ್ಬನ ಹತ್ತಿರ ಮಾತ್ರ ಸಿಗುತ್ತಾ, ಅವನು ಎಲ್ಲಿಂದ ತರ್ತಾನೆ, ಇಷ್ಟು ಗೊತ್ತಿರಬೇಕು. ಮೂರನೇ ಪ್ರಶ್ನೆ ಯಾರೂ ಕೇಳಲ್ಲ. ಇಬ್ಬರ ಹತ್ತಿರ ಕೊಳ್ತಾ ಇದ್ದೀನಿ ಅಂತ ನೆಮ್ಮದಿಯಾಗಿರ್ತೀರಿ, ಆ ಇಬ್ಬರೂ ಒಂದೇ ಕಾರ್ಖಾನೆಯ ಮಾಲು ತಂದು ಮಾರ್ತಿರ್ತಾರೆ. ಆಗ ಇಬ್ಬರಿದ್ದೂ ಒಬ್ಬನೇ.

ಇದನ್ನೆಲ್ಲಾ ಪೀಣ್ಯದವರಿಗೆ ಫೋನಿನಲ್ಲಿ ಹೇಳಿದೆ. ನಾಲ್ಕು ದಿನ ಬಿಟ್ಟು ಅವರೇ ಮಾಡಿದರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಟ್ಟಿ ಬರೆದರಂತೆ. ಒಂದು ಪ್ಯಾನೆಲ್‌ಗೆ 112 ಬಗೆಯ ಸಾಮಾನು, ಅದರಲ್ಲಿ ಒಂಬತ್ತು ಒಬ್ಬೊಬ್ಬರ ಹತ್ತಿರವೇ ಸಿಗೋದು. ಆ ಬೋರ್ಡನ್ನು ಮಾಡಿಕೊಡೋಕೆ ಬೊಮ್ಮಸಂದ್ರದಲ್ಲಿ ಇನ್ನೊಬ್ಬರು ಸಿಕ್ಕಿದ್ದಾರೆ, ರೇಟು ನೂರಕ್ಕೆ ಎಂಟು ರೂಪಾಯಿ ಜಾಸ್ತಿ. ‘ಕೊಡಬಹುದು ಅನ್ಸುತ್ತೆ ಸಾರ್, ಕಾಲು ಭಾಗ ಆರ್ಡರ್ ಅವರಿಗೆ ಕೊಡ್ತೀನಿ’ ಅಂದರು.

ಫೋನ್ ಇಡೋ ಮುಂಚೆ ನಾನು ಕೇಳಿದೆ, ‘ಅದು ಸರಿ, ನಿಮ್ಮ ಪ್ಯಾನೆಲ್ ಕೊಳ್ಳೋರು ಎಷ್ಟು ಜನ?’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ ಅಂದರು, ‘ಒಬ್ಬರೇ ಮುಕ್ಕಾಲು ಪಾಲು ತಗೊಳ್ತಾರೆ ಸಾರ್.’