ಸೆಮಿಫೈನಲ್‌ನಲ್ಲಿ ಸೋತವನ ಹಾಡು

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನೆನಪು ಮಾಡಿಕೊಳ್ಳಿ. ಕ್ಲಾಸಿನಲ್ಲಿ ಒಬ್ಬ ಹುಡುಗ ಇರ್ತಾನೆ. ಗಣಿತದಲ್ಲಿ ಫಸ್ಟ್ ಬಂದವನು ಬೇರೆ, ವಿಜ್ಞಾನದಲ್ಲಿ ಫಸ್ಟ್ ಬಂದವಳು ಬೇರೆ. ಇವನು ಒಂದರಲ್ಲಿ ಎರಡನೆಯವನು, ಇನ್ನೊಂದರಲ್ಲಿ ಮೂರನೆಯವನು. ಆದರೆ ಟೋಟಲ್ ಹಾಕಿ ನೋಡಿದರೆ ಇಡೀ ಸ್ಕೂಲಿಗೆ ಇವನೇ ಫಸ್ಟ್!

2019ರ ಮೇ 18ರ ರಾತ್ರಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಇಂಥದ್ದೇ ಒಂದು ರಿಸಲ್ಟ್ ಬಂತು. ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್ ಅದು. 1956ರಿಂದ ನಡೆದುಕೊಂಡು ಬಂದಿರುವ ಸ್ಪರ್ಧೆ. ಒಂದೊಂದು ದೇಶ ಒಂದೊಂದು ಹಾಡು ಕಳಿಸುತ್ತೆ. ಅರ್ಧ ಅಂಕ ತೀರ್ಪುಗಾರರದ್ದು, ಅರ್ಧ ಅಂಕ ಟೀವಿ ನೋಡುವವರದ್ದು. ಆ ವರ್ಷ 41 ದೇಶಗಳಿದ್ದವು. ತೀರ್ಪುಗಾರರ ಪಟ್ಟಿಯಲ್ಲಿ ನೆದರ್ಲೆಂಡ್ಸ್‌ನ ಹುಡುಗನಿಗೆ ಮೂರನೇ ಸ್ಥಾನ. ವೀಕ್ಷಕರು ಮೊದಲ ಸ್ಥಾನ ಕೊಟ್ಟಿದ್ದು ನಾರ್ವೆಗೆ, ಇವನಿಗೆ ಎರಡನೇ ಸ್ಥಾನ. ಎರಡನ್ನೂ ಕೂಡಿಸಿದಾಗ 498 ಅಂಕ. ಗೆದ್ದವನು ಇವನೇ! ಹೆಸರು ಡಂಕನ್ ಲಾರೆನ್ಸ್. ವಯಸ್ಸು 25.

ನೆದರ್ಲೆಂಡ್ಸ್‌ಗೆ ಇದು ಸಣ್ಣ ಸುದ್ದಿ ಆಗಿರಲಿಲ್ಲ. ಆ ದೇಶ ಇದಕ್ಕೂ ಮೊದಲು ಈ ಸ್ಪರ್ಧೆ ಗೆದ್ದಿದ್ದು 1975ರಲ್ಲಿ. ಬರೋಬ್ಬರಿ 44 ವರ್ಷ! ನಡುವೆ 2005ರಿಂದ 2012ರವರೆಗೆ ಎಂಟು ವರ್ಷ ಸತತವಾಗಿ ಫೈನಲ್ ಮೆಟ್ಟಿಲನ್ನೇ ಹತ್ತಿರಲಿಲ್ಲ. ಅಂಥ ದೇಶಕ್ಕೆ ಕಪ್ ತಂದುಕೊಟ್ಟವನು ಯಾರು? ಆತನ ಹಿನ್ನೆಲೆ ಏನು? ಅದನ್ನು ಹುಡುಕುತ್ತಾ ಹೋದಾಗಲೇ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಡಂಕನ್‌ನ ನಿಜವಾದ ಹೆಸರು ಡಂಕನ್ ಡಿ ಮೂರ್. ಹುಟ್ಟಿದ್ದು 1994ರಲ್ಲಿ, ರಾಟರ್‌ಡ್ಯಾಮ್ ಪಕ್ಕದ ಸ್ಪೈಕನಿಸ್ಸೆಯಲ್ಲಿ. ಬೆಳೆದಿದ್ದು ಹೆಲೆವೂಟ್‌ಸ್ಲೌಸ್ ಅನ್ನೋ ಸಣ್ಣ ಊರಿನಲ್ಲಿ. ಶಾಲೆಯಲ್ಲಿ ಜೊತೆಯ ಮಕ್ಕಳು ಕಾಡಿಸುತ್ತಿದ್ದರು, ಹಾಡು ನನಗೆ ಬಚ್ಚಿಟ್ಟುಕೊಳ್ಳೋ ಜಾಗ ಆಗಿತ್ತು ಅಂತ ಆತ ಮುಂದೆ ಹೇಳಿಕೊಂಡಿದ್ದಾನೆ. 2014ರಲ್ಲಿ 'ದಿ ವಾಯ್ಸ್ ಆಫ್ ಹಾಲೆಂಡ್' ಅನ್ನೋ ರಿಯಾಲಿಟಿ ಷೋಗೆ ಬಂದ. ಚೆನ್ನಾಗಿಯೇ ಹಾಡಿದ. ಸೆಮಿಫೈನಲ್ ತನಕ ಬಂದ. ಅಲ್ಲಿ ಔಟ್!

ಇಲ್ಲಿ ಒಂದು ನಿಮಿಷ ನಿಲ್ಲಿ. ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಹಾಡಿನ ಷೋ ಫಿನಾಲೆ ಮುಗಿದ ಮರುದಿನ, ಗೆದ್ದವರನ್ನು ನಮ್ಮ ಸ್ಟುಡಿಯೋಗೆ ಕರೆದಿದ್ದೆವು. ಹೂಗುಚ್ಛ, ಕೇಕು, ಲೈವ್, ಎಲ್ಲಾ ಆಯ್ತು. ಮಧ್ಯಾಹ್ನ ಒಬ್ಬರು ಫೋನ್ ಮಾಡಿದರು. "ಸಾರ್, ನನ್ನ ಮಗಳು ಸೆಮಿಫೈನಲ್‌ನಲ್ಲಿ ಹೊರಗೆ ಬಂದವಳು. ಅವತ್ತಿಂದ ಹಾಡ್ತಾನೇ ಇಲ್ಲ. ನೀವು ಒಂದೇ ಒಂದು ನಿಮಿಷ ಅವಳನ್ನ ಟೀವೀಲಿ ಮಾತಾಡಿಸಿದ್ರೆ..." ಅಂದರು. ನಾನು ಏನು ಹೇಳಿದೆ ಗೊತ್ತಾ? "ಇವತ್ತು ಸ್ಲಾಟ್ ಇಲ್ಲ ಸಾರ್" ಅಂದೆ. ಅವರು "ಪರವಾಗಿಲ್ಲ ಬಿಡಿ" ಅಂತ ಫೋನ್ ಇಟ್ಟರು. ಅವರ ನಂಬರನ್ನೂ ನಾನು ಬರೆದಿಟ್ಟುಕೊಳ್ಳಲಿಲ್ಲ.

ನಮ್ಮ ಕಸುಬೇ ಹಾಗೆ. ಗೆದ್ದವರ ಮುಖದ ಮೇಲೆ ಲೈಟು. ಸೋತವರು ಫ್ರೇಮಿನಿಂದಾಚೆ ಹೋದರೆ ನಮ್ಮ ಪಾಲಿಗೆ ಅವರ ಕಥೆ ಮುಗೀತು. ಆದರೆ ಅವರ ಬದುಕು ಮುಗಿಯುತ್ತಾ?

ಡಂಕನ್‌ದು ಮುಗಿಯಲಿಲ್ಲ. ಆತ ಟಿಲ್‌ಬರ್ಗ್‌ನ ರಾಕ್ ಅಕಾಡೆಮಿಯಲ್ಲಿ ಓದು ಮುಗಿಸಿದ. ಹಾಡು ಬರೆಯೋದನ್ನು ಒಂದು ಕಸುಬಾಗಿ ಕಲಿತ. ತಾನು ಹಾಡೋಕೆ ವೇದಿಕೆ ಇಲ್ಲದಿದ್ದಾಗ ಬೇರೆಯವರಿಗೆ ಬರೆದುಕೊಟ್ಟ. 2018ರಲ್ಲಿ ದಕ್ಷಿಣ ಕೊರಿಯಾದ ಜನಪ್ರಿಯ ಜೋಡಿ ಟಿವಿಎಕ್ಸ್‌ಕ್ಯೂ ಆಲ್ಬಂನಲ್ಲಿ ಬಂದ ಒಂದು ಹಾಡಿನ ರಚನೆಯಲ್ಲಿ ಇವನ ಕೈಯೂ ಇತ್ತು.

ಜೊತೆಗಾರರ ಸಂಗಡ ಕೂತು 'ಆರ್ಕೇಡ್' ಅನ್ನೋ ಹಾಡು ಬರೆದ. ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಆಪ್ತರೊಬ್ಬರ ನೆನಪು ಆ ಹಾಡಿನ ಮೂಲ. ಕಳೆದುಕೊಂಡ ಪ್ರೀತಿಗಾಗಿ ಕಾಯುತ್ತಲೇ ಇರೋ ಮನಸ್ಸಿನ ಹಾಡು ಅದು. ಇದನ್ನು ಯೂರೋವಿಷನ್ ತನಕ ತಲುಪಿಸೋದಕ್ಕೆ ಬೆನ್ನಿಗೆ ನಿಂತವರು ಯಾರು? ರಿಯಾಲಿಟಿ ಷೋನಲ್ಲಿ ಇವನ ಕೋಚ್ ಆಗಿದ್ದ ಗಾಯಕಿ ಇಲ್ಸೆ ಡಿಲಾಂಗೆ. ಶಿಷ್ಯ ಸೋತು ನಾಲ್ಕು ವರ್ಷ ಆಗಿತ್ತು, ಆಕೆ ಮರೆತಿರಲಿಲ್ಲ. 2014ರ ಯೂರೋವಿಷನ್‌ನಲ್ಲಿ ಆಕೆಯ ತಂಡ ಎರಡನೇ ಸ್ಥಾನಕ್ಕೆ ನಿಂತಿತ್ತು. ಕೂದಲೆಳೆಯಲ್ಲಿ ಕೈತಪ್ಪೋದು ಅಂದರೇನು ಅಂತ ಆಕೆಗೂ ಗೊತ್ತಿತ್ತು.

ಟೆಲ್ ಅವೀವ್‌ನಲ್ಲಿ ಡಂಕನ್ ಪಿಯಾನೋ ಮುಂದೆ ಒಬ್ಬನೇ ಕೂತು ಹಾಡಿದ. ಡ್ಯಾನ್ಸರ್‌ಗಳಿಲ್ಲ, ಕುಣಿತವಿಲ್ಲ. ಆ ಮೂರು ನಿಮಿಷದ ಹಾಡು ಗೆದ್ದಿತು.

ಗೆದ್ದ ಮೇಲೆ ಎಲ್ಲಾ ಸುಖ ಅಂದುಕೊಂಡ್ರಾ? ಮುಂದಿನ ವರ್ಷ ಸ್ಪರ್ಧೆ ನಡೆಯಬೇಕಿದ್ದುದು ರಾಟರ್‌ಡ್ಯಾಮ್‌ನಲ್ಲಿ, ಇವನ ಊರಿನ ಪಕ್ಕದಲ್ಲೇ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಅದು ರದ್ದಾಯ್ತು. 2021ರ ಮೇನಲ್ಲಿ ಕೊನೆಗೂ ನಡೆಯಿತು. ಫೈನಲ್‌ಗೆ ಎರಡು ದಿನ ಇರುವಾಗ ಡಂಕನ್‌ಗೆ ಪಾಸಿಟಿವ್! ತಾನು ತಂದ ಹಬ್ಬ ತನ್ನ ಮನೆ ಬಾಗಿಲಿಗೆ ಬಂದಾಗ ಇವನೇ ಒಳಗೆ ಬೀಗ ಹಾಕಿಕೊಂಡು ಕೂರಬೇಕಾಯ್ತು. ರಿಹರ್ಸಲ್‌ನಲ್ಲಿ ಚಿತ್ರೀಕರಿಸಿದ್ದನ್ನೇ ಫೈನಲ್ ರಾತ್ರಿ ತೋರಿಸಿದರು.

ಆದರೆ ಹಾಡಿಗೆ ಕ್ವಾರಂಟೈನ್ ಇರಲಿಲ್ಲ. ಅಷ್ಟರಲ್ಲೇ ಅದು ಟಿಕ್‌ಟಾಕ್ ಹಿಡಿದುಕೊಂಡು ಅಮೆರಿಕಕ್ಕೆ ಹೊರಟಿತ್ತು. ನಮ್ಮಲ್ಲಿ ಆ ಆ್ಯಪ್ 2020ರ ಜೂನ್‌ನಲ್ಲೇ ಬಂದ್ ಆಗಿತ್ತು, ಹಾಗಾಗಿ ನಮಗೆ ಆ ಅಲೆ ಅಷ್ಟಾಗಿ ತಟ್ಟಲಿಲ್ಲ. ಅತ್ತ, ಸ್ಪರ್ಧೆ ಗೆದ್ದು ಎರಡು ವರ್ಷ ಕಳೆದ ಮೇಲೆ, 2021ರಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 30ನೇ ಸ್ಥಾನಕ್ಕೆ ಏರಿತು. ಸ್ಪಾಟಿಫೈನಲ್ಲಿ 100 ಕೋಟಿ ಸಲ ಕೇಳಿಸಿಕೊಂಡಿತು.

100 ಕೋಟಿ ಸಲ ಕೇಳಿದವರಲ್ಲಿ ಎಷ್ಟು ಜನರಿಗೆ ಈತ ಸೆಮಿಫೈನಲ್‌ನಲ್ಲಿ ಸೋತವನು ಅಂತ ಗೊತ್ತಿರುತ್ತೆ? ಯಾರಿಗೆ ಬೇಕು ಅದು?

ಸೋತವರೆಲ್ಲ ಒಂದು ದಿನ ಗೆದ್ದೇ ಗೆಲ್ತಾರೆ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳು. ಸೆಮಿಫೈನಲ್‌ನಲ್ಲಿ ಹೊರಬಿದ್ದ ನೂರಾರು ಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತೆ. ನಾನು ಹೇಳ್ತಿರೋದು ಇಷ್ಟೇ: ಸೋತ ದಿನ ಆ ಮಗುವಿಗೆ ಬೇಕಾಗಿದ್ದು ಕಪ್ ಅಲ್ಲ. ನಾಳೆ ಬೆಳಗ್ಗೆ ಮತ್ತೆ ಹಾಡು ಅಂತ ಹೇಳೋ ಒಬ್ಬ ಗುರು, ಒಬ್ಬ ಅಪ್ಪ, ಒಂದು ಮನೆ. ಮತ್ತೆ ಮುಖಕ್ಕೆ ಹಿಡಿದ ಲೈಟನ್ನು ತಕ್ಷಣ ಆರಿಸದಿರೋ ನಮ್ಮಂಥವರು.

ಆವತ್ತು ಫೋನ್ ಮಾಡಿದ್ದ ಆ ತಂದೆ ಇದನ್ನು ನೋಡ್ತಾ ಇದ್ದರೆ, ಸಾರ್, ದಯವಿಟ್ಟು ಇನ್ನೊಂದು ಸಲ ಫೋನ್ ಮಾಡಿ. ಮಗಳನ್ನು ಕರಕೊಂಡು ಬನ್ನಿ. ಸ್ಲಾಟ್ ಇದೆ.